ಸಿಪ್ಪೆ ಪ್ಲಾಸ್ಟಿಕ್ಕಿಗೆ ಹೋಗುವ ಮೊದಲು...

'ಅಡಿಕೆ ಸಿಪ್ಪೆ ಸುಡಬೇಡಿ, ನಾಳೆ ಅದರಿಂದಲೇ ಪ್ಲಾಸ್ಟಿಕ್' - ಈಚೆಗೆ ಒಂದು ತರಬೇತಿಯಲ್ಲಿ ಕೇಳಿದ ಮಾತು. ಮೇಜಿನ ಮೇಲೆ ಒಂದು ಗಾಜಿನ ಪಾತ್ರೆ. ಅದರಲ್ಲಿ ಸಿಪ್ಪೆಯ ನಾರಿನಿಂದ ತೆಗೆದ ಬಿಳಿ ಗಂಜಿಯಂಥ ವಸ್ತು. ಬೆರಳಿನ ದಪ್ಪದ ಲೋಹದ ಕಡ್ಡಿಯೊಂದನ್ನು ಅದಕ್ಕೆ ಇಳಿಸಿ ಸ್ವಿಚ್ ಹಾಕಿದರು. ಕಿವಿ ಕೊರೆಯುವ ಸದ್ದು. ಹತ್ತು ನಿಮಿಷ ಕಳೆದಾಗ ಗಂಟು ಗಂಟಾಗಿದ್ದದ್ದು ಹಾಲಿನ ನೀರಿನ ಹಾಗೆ ಒಂದೇ ಸಮ. 'ಕಿಲೋಕ್ಕೆ ಎಷ್ಟು ಕೊಡ್ತೀರಿ ಸಾರ್?' ಅಂತ ನನ್ನ ಪಕ್ಕ ಕೂತವರು ಕೇಳಿದರು. 'ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ' ಎಂಬ ಉತ್ತರ ಬಂತು. ಎಲ್ಲರೂ ನಕ್ಕರು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು?

ಕಡ್ಡಿಯ ಕೆಲಸ ನಮಗೆ ಅರ್ಥವಾಗದ್ದೇನಲ್ಲ. ಬೋರ್ಡೋ ದ್ರಾವಣ ಮಾಡುವವರು ಯೋಚಿಸಿ ನೋಡಿ. ಸುಣ್ಣ, ಮೈಲುತುತ್ತು ಸರಿಯಾಗಿ ಬೆರೆತರೆ ಕಣ ನುಣುಪು, ಎಲೆಗೆ ಅಂಟುತ್ತದೆ. ಹಾಗೇ ಇಟ್ಟರೆ ಕಣಗಳು ದೊಡ್ಡದಾಗಿ ತಳ ಸೇರುತ್ತವೆ. ಅದಕ್ಕೇ ಅಂದಿನದ್ದು ಅಂದೇ ಸಿಂಪಡಿಸಬೇಕು ಅನ್ನುವುದು. ಸಸ್ಯದ ನಾರಿನ ನ್ಯಾನೋ ಕಣಗಳದ್ದೂ ಇದೇ ಕಥೆ, ಇನ್ನೂ ಹಠಮಾರಿ. ಇವುಗಳ ದಪ್ಪ ನಮ್ಮ ತಲೆಕೂದಲಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಒಂದಕ್ಕೊಂದು ಅಂಟಿಕೊಳ್ಳುವ ಗುಣ. ನೀರೆಂದರೆ ಇಷ್ಟ, ಎಣ್ಣೆಯ ಜಾತಿಯ ಪ್ಲಾಸ್ಟಿಕ್ ಎಂದರೆ ಆಗದು. ಪ್ಲಾಸ್ಟಿಕ್ಕಿನೊಳಗೆ ಗಂಟಾಗಿ ಉಳಿದರೆ ಹಾಳೆ ಗಟ್ಟಿಯಾಗುವ ಬದಲು ಗಂಟಿದ್ದಲ್ಲೇ ಹರಿಯುತ್ತದೆ.

ಗಂಟು ಬಿಡಿಸುವುದು ಶಬ್ದ. ಕಡ್ಡಿಯ ತುದಿ ಸೆಕೆಂಡಿಗೆ ಸುಮಾರು 20,000 ಸಲ ನಡುಗುತ್ತದೆ. ನಮ್ಮ ಕಿವಿಗೆ ಕೇಳುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ (ನಾವು ಕೇಳಿದ ಕಿರುಚಾಟ ಅದರ ಜೊತೆ ಏಳುವ ಬೇರೆ ಸದ್ದು). ಈ ನಡುಕಕ್ಕೆ ದ್ರವದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ಮರುಕ್ಷಣವೇ ಕುಸಿಯುತ್ತವೆ. ಕುಸಿಯುವಾಗಿನ ಹೊಡೆತಕ್ಕೆ ಗಂಟು ಒಡೆಯುತ್ತದೆ. ಕನ್ನಡಕದ ಅಂಗಡಿಯಲ್ಲಿ, ಚಿನ್ನದ ಅಂಗಡಿಯಲ್ಲಿ ನೀರಿನ ತೊಟ್ಟಿಗೆ ಹಾಕಿ ಕೊಳೆ ತೆಗೆಯುತ್ತಾರಲ್ಲ, ಅದೂ ಇದೇ ತತ್ವ.

ತೊಡಕು ಇರುವುದು ಮುಂದೆ. ಹೊಡೆತ ಜೋರಾಗಿರುವುದು ಕಡ್ಡಿಯ ತುದಿಯ ಹತ್ತಿರ ಮಾತ್ರ. ದ್ರವ ಬೇಗ ಬಿಸಿಯಾಗುವುದರಿಂದ ಪಾತ್ರೆಯನ್ನು ಮಂಜುಗಡ್ಡೆಯಲ್ಲಿ ಇಡಬೇಕು. ಹೆಚ್ಚು ಹೊತ್ತು ಇಟ್ಟರೆ ನಾರೇ ತುಂಡಾಗುತ್ತದೆ, ಕಡ್ಡಿಯ ತುದಿಯೂ ಸವೆಯುತ್ತದೆ. ದ್ರವವನ್ನು ಹರಿಸುತ್ತಾ ಮಾಡುವ ದೊಡ್ಡ ಯಂತ್ರಗಳೂ ಇವೆ, ಆದರೆ ಕರೆಂಟು ಬೇಕು, ಬಂಡವಾಳ ಬೇಕು. ಇಷ್ಟೆಲ್ಲ ಮಾಡಿ ಒಣಗಿಸಿದಿರೋ, ಕಣಗಳು ಮತ್ತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಾಗಾಗಿ ಸಾಮಾನ್ಯವಾಗಿ ನೀರಿನಲ್ಲೇ ಇಡುತ್ತಾರೆ. ನೂರು ಕಿಲೋ ಗಂಜಿಯಲ್ಲಿ ನ್ಯಾನೋ ಎರಡು ಮೂರು ಕಿಲೋ ಇದ್ದರೆ ಉಳಿದದ್ದೆಲ್ಲ ನೀರು. ಲಾರಿಯಲ್ಲಿ ನೀರು ಹೊರುವ ಬಾಡಿಗೆಯನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ?

ಈಗ ನಮ್ಮ ಲೆಕ್ಕ. ಪ್ಲಾಸ್ಟಿಕ್ಕಿಗೆ ಈ ಕಣ ಸೇರಿಸುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಐದು ಪಾಲು. ಮೂರು ಪಾಲು ಎಂದಿಟ್ಟುಕೊಳ್ಳಿ. ಒಂದು ಟನ್ ಪ್ಲಾಸ್ಟಿಕ್ಕಿಗೆ 30 ಕಿಲೋ. ಒಣ ಸಿಪ್ಪೆಯಿಂದ ಐದನೇ ಒಂದು ಪಾಲು ಮಾತ್ರ ಸಿಕ್ಕಿತು ಅಂದರೂ 150 ಕಿಲೋ ಸಿಪ್ಪೆ ಸಾಕು. ಅಷ್ಟು ಸಿಪ್ಪೆ ನನ್ನಂಥ ಸಣ್ಣ ಹಿಡುವಳಿದಾರನ ಅಂಗಳದ ಮೂಲೆಯಲ್ಲೇ ಇರುತ್ತದೆ. ಊರಿಗೆ ಊರೇ ಸಿಪ್ಪೆ ಹೊತ್ತು ಮಾರುವಷ್ಟು ಬೇಡಿಕೆ ಇದರಿಂದ ಹುಟ್ಟೀತೆಂದು ನನಗಂತೂ ಅನ್ನಿಸುವುದಿಲ್ಲ. ಮುಂಬೈಯಲ್ಲಿ ಹತ್ತಿ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆ ನ್ಯಾನೋ ಸೆಲ್ಯುಲೋಸ್ ತಯಾರಿಯ ಪ್ರಾಯೋಗಿಕ ಘಟಕ ಮಾಡಿತು. ಅದರ ಸಾಮರ್ಥ್ಯ ಪಾಳಿಗೆ 10 ಕಿಲೋ. ಒಳ್ಳೆಯ ಕೆಲಸವೇ. ಆದರೆ ಅವರ ಕೈಯಲ್ಲಿರುವುದು ಬಹುಪಾಲು ಸೆಲ್ಯುಲೋಸೇ ಆಗಿರುವ ಹತ್ತಿ. ನಮ್ಮ ಸಿಪ್ಪೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಟು ಇದೆ. ಮೊದಲು ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪು ಮಾಡಿ ತೆಗೆಯಬೇಕು. ಕೆಲವು ವಿಧಾನಗಳಲ್ಲಿ ನೂರಕ್ಕೆ 64 ಪಾಲಿನ ಗಂಧಕಾಮ್ಲವೂ ಬೇಕು. ತೊಳೆದ ನೀರು ಎಲ್ಲಿಗೆ? 'ಗ್ರಾಮೀಣ ಘಟಕ' ಎನ್ನುವವರು ಈ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ. ಕೆಳಗಿನ ತೋಟದವರಿಗೆ ಆ ತೋಡಿನ ನೀರೇ ಗತಿ.

ಇನ್ನೊಂದು ಮಾತು ಕೊಳ್ಳುವವರಾಗಿ ನಾವು ತಿಳಿದಿರಬೇಕು. ನಾಳೆ 'ಸಸ್ಯಜನ್ಯ ನ್ಯಾನೋ' ಎಂಬ ಹೆಸರಿನಲ್ಲಿ ಮಲ್ಚಿಂಗ್ ಶೀಟ್ ಬಂದೀತು. ಮೂರು ಪಾಲು ಸಸ್ಯದ್ದು ಸರಿ, ಉಳಿದ 97 ಪಾಲು ಯಾವುದು? ಪಾಲಿಥೀನ್ ಆದರೆ ಅದು ನೆಲದಲ್ಲಿ ಹಿಂದಿನಂತೆಯೇ ಉಳಿಯುತ್ತದೆ, ಹೆಸರು ಮಾತ್ರ ಹಸಿರು. ಪಿಷ್ಟದಂಥ ಕರಗುವ ವಸ್ತುವಾದರೆ ಮಾತು ಬೇರೆ; ಅಲ್ಲಿ ಈ ಕಣಗಳು ನಿಜಕ್ಕೂ ಉಪಕಾರಿ, ಯಾಕೆಂದರೆ ಪಿಷ್ಟದ ಹಾಳೆಗೆ ಬಲ ಕಡಿಮೆ. ಆಹಾರ ಸುತ್ತುವ ಹಾಳೆ ಮಾಡಲು ಹೊರಟರೆ ಅಡಿಕೆಯ ಹೆಸರೇ ಅಡ್ಡ ಬಂದೀತು. 2025ರಲ್ಲಿ ಅಮೆರಿಕ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿದ್ದು ನಮ್ಮ ತಟ್ಟೆ ಘಟಕದವರಿಗೆ ಚೆನ್ನಾಗಿ ನೆನಪಿದೆ.

ಸಂಶೋಧನೆ ಬೇಡ ಅನ್ನುತ್ತಿಲ್ಲ. ಒಂದು ಕಿಲೋ ನ್ಯಾನೋ ಕಣಕ್ಕೆ ಎಷ್ಟು ಯೂನಿಟ್ ಕರೆಂಟು, ಎಷ್ಟು ಲೀಟರ್ ನೀರು, ಸಿಪ್ಪೆಗೆ ಎಷ್ಟು ರೂಪಾಯಿ - ಈ ಮೂರು ಸಂಖ್ಯೆಗಳನ್ನು ವೇದಿಕೆಯಲ್ಲೇ ಹೇಳಲಿ. ಅಲ್ಲಿಯವರೆಗೆ ನನ್ನ ಸಿಪ್ಪೆ ಬುಡಕ್ಕೇ. ಕರಗಲು ನಿಧಾನ ನಿಜ, ಆದರೆ ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ, ಕೊಳೆತಾಗ ಪೊಟ್ಯಾಷ್ ಮರಳಿ ತೋಟಕ್ಕೇ ಸೇರುತ್ತದೆ. ಮಾರಿದರೆ ಆ ಪೊಟ್ಯಾಷನ್ನು ಮತ್ತೆ ಚೀಲದಲ್ಲಿ ಕೊಂಡು ತರಬೇಕಲ್ಲ, ಆ ಬೆಲೆಯೂ ಸಿಪ್ಪೆಯ ದರದಲ್ಲಿ ಸೇರಿರಬೇಕು.

ಸಿಪ್ಪೆಯನ್ನಾಗಲೀ ಬಾಳೆದಿಂಡಿನ ನಾರನ್ನಾಗಲೀ ಯಾರಿಗಾದರೂ ಮಾರಿದವರು ನಿಮ್ಮಲ್ಲಿದ್ದರೆ, ಸಿಕ್ಕಿದ ದರ, ಸಾಗಾಟದ ಖರ್ಚು ಎರಡನ್ನೂ ಪತ್ರಿಕೆಗೆ ಬರೆದು ತಿಳಿಸಿ.