ಕರೋಕೆಯೂ ಸೋಬಾನೆಯೂ

ಈಚೆಗೆ ಶ್ರೀರಾಂಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೆಂಗಳೂರಿನ ಶ್ರೀರಾಮಪುರವಲ್ಲ; ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ. ಹಿಂದಿನ ದಿನದ ಸಂಜೆ ಹೆಣ್ಣನ್ನು ಹಸೆಗೆ ಕರೆಯುವ ಹೊತ್ತಿಗೆ, ಗೋಡೆಗೊರಗಿ ಕುಳಿತಿದ್ದ ನಾಲ್ಕೈದು ಮಂದಿ ಅಜ್ಜಿಯರು ಗಂಟಲು ಸರಿಮಾಡಿಕೊಂಡು ಸೋಬಾನೆ ಎತ್ತಿದರು. ಎರಡು ಸೊಲ್ಲು ಮುಗಿದಿರಲಿಲ್ಲ, ಧ್ವನಿವರ್ಧಕದಿಂದ ಪಿಟೀಲು, ಗಿಟಾರು, ಡ್ರಮ್ಮುಗಳು ಒಟ್ಟಿಗೇ ಮೊಳಗಿದವು. ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಮೈಕು ಹಿಡಿದು, ಫೋನಿನಲ್ಲಿ ಸಾಹಿತ್ಯ ನೋಡಿಕೊಂಡು ಹಾಡತೊಡಗಿದ. ಅಜ್ಜಿಯೊಬ್ಬರು ಕೈಯೆತ್ತಿ ಏನೋ ಹೇಳಹೋದರು. “ತಡಿಯಜ್ಜಿ, ಟ್ರ್ಯಾಕ್ ಓಡ್ತಾ ಐತೆ” ಎಂದ ಹುಡುಗ. ಅಜ್ಜಿ ತಡೆದರು. ಒಂದು ಟ್ರ್ಯಾಕಿನ ಹಿಂದೆ ಇನ್ನೊಂದು ಓಡಿತು. ಹೆಣ್ಣು ಹಸೆಗೆ ಬಂದು ಕುಳಿತು ಎದ್ದೂ ಆಯಿತು. ಸೋಬಾನೆ ಮತ್ತೆ ಮೊದಲಾಗಲೇ ಇಲ್ಲ.

ಇಷ್ಟು ಓದಿದೊಡನೆ, ಕರೋಕೆಯನ್ನು ಹಳಿಯುವವರ ಸಾಲಿಗೆ ಇನ್ನೊಬ್ಬ ಸೇರಿದನೆಂದು ವಾಚಕರು ಭಾವಿಸಬಹುದು. ಹಾಗಲ್ಲ. ಸಂಗೀತ ಬಲ್ಲ ನನ್ನ ಕೆಲವು ಮಿತ್ರರಿಗೆ ಕರೋಕೆ ಎಂದರೆ ಮೂಗು ಮುರಿಯುವ ಅಭ್ಯಾಸವಿದೆ. ಸ್ವರಜ್ಞಾನವಿಲ್ಲದವರ ಚಪಲ, ಬರಿಯ ಅನುಕರಣೆ ಎಂಬುದು ಅವರ ತೀರ್ಪು. ಈ ತೀರ್ಪನ್ನು ನಾನು ಒಪ್ಪಲಾರೆ. ವಾರವೆಲ್ಲ ಲೆಕ್ಕದ ಪುಸ್ತಕಗಳ ಮೇಲೆ ಬಗ್ಗಿ ಕುಳಿತಿದ್ದ ಗುಮಾಸ್ತ ಭಾನುವಾರ ಸಂಜೆ ಪಿ. ಬಿ. ಶ್ರೀನಿವಾಸರ ಹಾಡೊಂದನ್ನು ಹಾಡಿ ಹಗುರಾದರೆ ಯಾರ ಗಂಟು ಹೋಯಿತು? ಸಂಗೀತವನ್ನು ಬಲ್ಲವರಷ್ಟೇ ಹಾಡಬೇಕೆಂದಿದ್ದರೆ ತಾಯಂದಿರು ಜೋಗುಳ ಹಾಡುವುದಕ್ಕೂ ಪರೀಕ್ಷೆ ಕಟ್ಟಬೇಕಾಗುತ್ತಿತ್ತು.

ಈ ಯಂತ್ರ ಹುಟ್ಟಿದ ಕಥೆಯನ್ನು ಕೇಳಿದರೆ ಮಿತ್ರರ ಮನಸ್ಸು ಕೊಂಚ ಕರಗೀತು. ‘ಕರ’ ಎಂದರೆ ಜಪಾನೀ ಭಾಷೆಯಲ್ಲಿ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬುದರ ತುಂಡು. ಹಾಡುಗಾರನ ಜಾಗವನ್ನು ಬರಿದು ಬಿಟ್ಟ ವಾದ್ಯಗೋಷ್ಠಿ ಎಂದು ಅರ್ಥಮಾಡಿಕೊಳ್ಳಬಹುದು. ಕೋಬೆ ನಗರದ ಪಾನಗೃಹಗಳಲ್ಲಿ ಗಿರಾಕಿಗಳು ಹಾಡುವಾಗ ಪಕ್ಕವಾದ್ಯ ನುಡಿಸುತ್ತಿದ್ದ ಇನೋವುಯೆ ದೈಸುಕೆ ಎಂಬಾತನನ್ನು ಒಬ್ಬ ವ್ಯಾಪಾರಸ್ಥ ತನ್ನೊಡನೆ ಪ್ರವಾಸಕ್ಕೆ ಕರೆದ. ಇನೋವುಯೆಗೆ ಬಿಡುವಿರಲಿಲ್ಲ. ಆ ಗಿರಾಕಿಯ ಕಂಠಕ್ಕೂ ನಡಿಗೆಗೂ ಹೊಂದುವಂತೆ ಪಕ್ಕವಾದ್ಯವನ್ನು ಟೇಪಿನಲ್ಲಿ ತುಂಬಿ ಕೊಟ್ಟು ಕಳಿಸಿದ. ಅದರ ಫಲವಾಗಿ 1971ರಲ್ಲಿ ಹನ್ನೊಂದು ಪೆಟ್ಟಿಗೆಗಳು ಸಿದ್ಧವಾಗಿ ಪಾನಗೃಹಗಳಿಗೆ ಬಾಡಿಗೆಗೆ ಹೋದವು. ಅದಕ್ಕೂ ಮುಂಚೆ, 1967ರಲ್ಲೇ, ನೆಗಿಶಿ ಶಿಗೆಇಚಿ ಎಂಬಾತ ಇಂಥದೇ ಒಂದು ಪೆಟ್ಟಿಗೆ ಮಾಡಿದ್ದನೆಂಬುದೂ ಉಂಟು. ಇನೋವುಯೆ ಮಾತ್ರ ಪೇಟೆಂಟ್ ಪಡೆಯಲಿಲ್ಲ. ಜನರಿಗೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಸಿದ್ದಕ್ಕಾಗಿ 2004ರಲ್ಲಿ ಅವನಿಗೆ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಬಹುಮಾನ ಸಂದಿತು.

ಆ ಪೆಟ್ಟಿಗೆಯಲ್ಲಿ ಜಪಾನೀಯರು ಆಸೆಪಟ್ಟು ಹಾಡಿದ್ದೇನು? ಬಹುಮಟ್ಟಿಗೆ ‘ಎಂಕ’ ಎಂಬ ಜಾತಿಯ ಹಾಡುಗಳನ್ನು. ಬಿಟ್ಟುಬಂದ ಊರು, ತಾಯಿ, ಬಂದರು, ಹಿಮ, ಅಗಲಿಕೆ, ಮದ್ಯ ಇವೇ ಅವುಗಳ ವಸ್ತು. 1977ರಲ್ಲಿ ಇಶಿಕಾವ ಸಯೂರಿ ಹಾಡಿ ಮನೆಮಾತಾದ ಒಂದು ಹಾಡಿನಲ್ಲಿ, ಟೋಕಿಯೋದ ಉಯೆನೋ ನಿಲ್ದಾಣದಿಂದ ರಾತ್ರಿಯ ರೈಲು ಹತ್ತಿದ ಹೆಣ್ಣೊಬ್ಬಳು ಉತ್ತರದ ಅಓಮೊರಿಯಲ್ಲಿ ಇಳಿದು, ಚಳಿಗಾಲದ ಕಡಲು ದಾಟಲು ಹಡಗು ಏರುತ್ತಾಳೆ. ಹಳ್ಳಿ ಬಿಟ್ಟು ಪಟ್ಟಣದ ಕಾರ್ಖಾನೆ, ಕಚೇರಿಗಳಿಗೆ ಸೇರಿದವರಿಗೆ ಇಂಥ ಹಾಡು ಹೃದಯಕ್ಕೆ ಹತ್ತಿರವಾದದ್ದರಲ್ಲಿ ಏನಾಶ್ಚರ್ಯ? ಊರಿನಲ್ಲಿ ಜೊತೆಗೂಡಿ ಹಾಡುತ್ತಿದ್ದ ನೆರೆಹೊರೆ ಪಟ್ಟಣದಲ್ಲಿಲ್ಲ. ಆ ಕೊರತೆಯನ್ನು ಪೆಟ್ಟಿಗೆ ತುಂಬಿತು. ಬೆಂಗಳೂರಿನ ನಮ್ಮ ಗುಮಾಸ್ತನಿಗೂ ಅದೇ ಕೊರತೆ, ಅದೇ ಔಷಧ. ಆದ್ದರಿಂದಲೇ ಅವನ ಕೈಯಿಂದ ಮೈಕನ್ನು ಕಿತ್ತುಕೊಳ್ಳಬೇಡಿ ಎನ್ನುತ್ತೇನೆ.

ಆದರೆ ಶ್ರೀರಾಂಪುರದ ಆ ಚಪ್ಪರದಲ್ಲಿ ಯಾವ ಕೊರತೆಯಿತ್ತು? ಹಾಡು ಬಲ್ಲವರಿದ್ದರು, ದನಿಗೂಡಿಸುವವರಿದ್ದರು, ಹಾಡಲು ತಕ್ಕ ಸಮಯವೂ ಅದೇ ಆಗಿತ್ತು. ರೋಗವಿಲ್ಲದ ಕಡೆ ಔಷಧ ಕುಡಿಸಿ ರೋಗ ತಂದುಕೊಳ್ಳುವುದೆಂದರೆ ಇದೇ. ನನ್ನ ಜಗಳವಿರುವುದು ಇಲ್ಲಿ.

ಸೋಬಾನೆಯ ರೀತಿಯನ್ನು ನೋಡಿ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ಮರಳಿ ಹೇಳುತ್ತಾರೆ. ಅವರು ಹೇಳುವಷ್ಟರಲ್ಲಿ ಇವಳಿಗೆ ಉಸಿರು ತಿರುಗುತ್ತದೆ, ಮುಂದಿನ ಸೊಲ್ಲು ನೆನಪಾಗುತ್ತದೆ. ಹೆಣ್ಣಿನ ಸೀರೆ ಉಡಿಸುವುದು ತಡವಾದರೆ ಪದ ನಾಲ್ಕು ನುಡಿ ಬೆಳೆಯುತ್ತದೆ. ಹೆಣ್ಣಿನ ಹೆಸರು, ಅವಳ ತವರಿನ ಹೆಸರು ಪದದೊಳಗೆ ಸೇರುತ್ತವೆ. ಬೀಗರ ಜಿಪುಣತನವೂ ತಪ್ಪಿಸಿಕೊಳ್ಳುವುದಿಲ್ಲ. ಆ ಪದವೆಲ್ಲ ಆ ಮನೆಯ ಆ ಹೆಣ್ಣಿಗಾಗಿಯೇ ಕಟ್ಟಿದ್ದು. ಟ್ರ್ಯಾಕಿಗೆ ಈ ಯಾವ ದಾಕ್ಷಿಣ್ಯವೂ ಇಲ್ಲ. ಹೆಣ್ಣು ಬಂದರೂ ಬರದಿದ್ದರೂ ಅದು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ.

ಆ ಸಂಜೆ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳೂ ಹಾಡಿದಳು. ಅವಳು ಆರಿಸಿಕೊಂಡದ್ದು ‘ನಾಗರಹಾವು’ ಚಿತ್ರದ ಒನಕೆ ಓಬವ್ವನ ಹಾಡು. ದುರ್ಗದ ಸೀಮೆಯ ಮಗುವಿಗೆ ಅದಕ್ಕಿಂತ ತಕ್ಕ ಹಾಡು ಯಾವುದಿದೆ? ಆದರೆ 1972ರ ಆ ಚಿತ್ರದಲ್ಲಿ ಅದನ್ನು ಹಾಡಿದವರು ಪಿ. ಬಿ. ಶ್ರೀನಿವಾಸರು, ಟ್ರ್ಯಾಕಿನ ಶ್ರುತಿಯೂ ಅವರ ಗಂಡುಕಂಠದ್ದೇ. ಮಗುವಿನ ದನಿ ಕೆಳಗೆ ಇಳಿಯಲಾರದೆ ಗಂಟಲಲ್ಲೇ ಹೂತುಹೋಯಿತು. ಕೂತವರು ನಕ್ಕರು. ಶ್ರುತಿಯನ್ನು ಏರಿಸಿ ಇಳಿಸುವ ಸೌಕರ್ಯ ಫೋನಿನಲ್ಲೂ ಉಂಟು. ಅದನ್ನು ಮುಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ಒಬ್ಬ ಮನುಷ್ಯನ ಕಂಠಕ್ಕೆ ಹೊಂದಿಸಿಕೊಳ್ಳುತ್ತಲೇ ಹುಟ್ಟಿದ ಸಾಧನ ನಮ್ಮ ಕೈಗೆ ಬಂದು ಮಗುವನ್ನು ನಗೆಪಾಟಲು ಮಾಡಿತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯರ ಗುಂಪಿನಲ್ಲಿ ಹಾಡಿದ್ದರೆ ಅವರೇ ಅವಳ ಶ್ರುತಿಗೆ ಬಂದು ಸೇರುತ್ತಿದ್ದರು.

“ಕಾಲ ಬದಲಾಯಿತು, ಸೋಬಾನೆ ಯಾರಿಗೆ ಬೇಕು?” ಎನ್ನುವವರಿದ್ದಾರೆ. ಕಾಲದ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿ ಓದುಬರಹ ಕಲಿತವರಲ್ಲ; ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ನಾವು ವೇದಿಕೆಯ ಮೇಲೆ ಒಬ್ಬ ಅಜ್ಜಿಗೆ ಶಾಲು ಹೊದಿಸಿ, ಚಪ್ಪರದ ಕೆಳಗೆ ಇನ್ನೊಬ್ಬ ಅಜ್ಜಿಗೆ “ತಡಿ” ಎನ್ನುವ ಜನ. ಅಂಥ ಪದಗಳು ಕಾಲಕ್ಕೆ ಬೇಡವಾಗಿ ಹೋಗುತ್ತಿಲ್ಲ. ಹಾಡುವ ಹೊತ್ತಿಗೆ ಹಾಡಗೊಡದೆ ನಾವೇ ಕಳೆಯುತ್ತಿದ್ದೇವೆ. ಪುಸ್ತಕದಲ್ಲಿ ಅಚ್ಚಾದ ಸೋಬಾನೆ ಉಳಿದೀತು. ಅದನ್ನು ಎತ್ತುವ ದನಿಯೂ ತಿರುಗಿ ಹೇಳುವ ದನಿಗಳೂ ಅಚ್ಚಿನಲ್ಲಿ ಉಳಿಯುವುದಿಲ್ಲ.

ಈ ಪತ್ರಿಕೆಯನ್ನು ಓದುವ ಬಹಳ ಮಂದಿ ಮದುವೆಯ ಕಾಲದಲ್ಲಿ ಒಂದೆರಡು ದಿನಕ್ಕೆ ಊರಿಗೆ ಹೋಗುವವರು. ಧ್ವನಿವರ್ಧಕಕ್ಕೆ ಮುಂಗಡ ಕೊಡುವವರೂ ಮೈಕು ಹಿಡಿಯುವವರೂ ಹೆಚ್ಚಾಗಿ ನಾವೇ. ಆದ್ದರಿಂದ ಈ ಮಾತನ್ನು ಹಳ್ಳಿಯವರಿಗಲ್ಲ, ನಮಗೇ ಹೇಳುತ್ತಿದ್ದೇನೆ. ಊಟವಾದ ಮೇಲೆ ಎಷ್ಟು ಹೊತ್ತು ಬೇಕಾದರೂ ಕರೋಕೆ ಹಾಡೋಣ, ಮಕ್ಕಳ ಕಂಠ ನೋಡಿ ಶ್ರುತಿ ಹೊಂದಿಸೋಣ. ಅರಿಶಿಣ, ಹಸೆ, ಧಾರೆಯ ಹೊತ್ತಿನಲ್ಲಿ ಪೆಟ್ಟಿಗೆ ಬಾಯಿ ಮುಚ್ಚಿರಲಿ. ಮೈಕು ಬೇಕೇ ಬೇಕೆಂದಾದರೆ ಅದನ್ನು ಅಜ್ಜಿಯರ ನಡುವೆ ಇಟ್ಟು ಬರೋಣ.

ಮರುದಿನ ಹೊರಡುವಾಗ ಆ ಅಜ್ಜಿಯ ಹತ್ತಿರ ಹೋಗಿ, ನಿನ್ನೆಯ ಪದ ಅರ್ಧಕ್ಕೇ ನಿಂತಿತಲ್ಲ ಎಂದೆ. “ಹೆಣ್ಣಿನ ಹೆಸರು ಬರೋ ಸೊಲ್ಲು ಇನ್ನೂ ಮುಂದೆ ಇತ್ತು ಕಣಪ್ಪ” ಎಂದರು. ಮದುಮಗಳು ಅಷ್ಟರಲ್ಲಿ ಗಂಡನ ಮನೆಗೆ ಹೊರಟು ಹೋಗಿದ್ದಳು.