ಗಡಿಯಾರ ಬಿಟ್ಟು ಕಾರಣ ಹಿಡಿದವರು

ಕ್ವಾಂಟಮ್ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಒಂದುಗೂಡಿಸುವ ಕೆಲಸವೆಂದರೆ ಅದೇನಿದ್ದರೂ ಕೇಂಬ್ರಿಜ್, ಪ್ರಿನ್ಸ್‌ಟನ್‌ಗಳವರ ಪಾಡು ಎಂದುಕೊಳ್ಳುವವರೇ ಹೆಚ್ಚು. ಅದರ ಒಂದು ಮುಖ್ಯ ದಾರಿಯಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಸುಮತಿ ಸೂರ್ಯ ವರ್ಷಗಳಿಂದ ದುಡಿಯುತ್ತಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪೇಮೆಂಟ್ ಸಾಫ್ಟ್‌ವೇರ್ ನೋಡಿಕೊಳ್ಳುವ ನನ್ನಂಥವರೂ ನಮ್ಮ ಕಂಪನಿಗಳೂ ಅದಕ್ಕೆ ಕೈಜೋಡಿಸಬೇಕು ಎಂಬುದು ನನ್ನ ವಾದ.

ಏಕೆಂದರೆ ಆ ದಾರಿಯ ಮೂಲಪ್ರಶ್ನೆ ನಮಗೆ ದಿನವೂ ಎದುರಾಗುತ್ತದೆ. ರಾತ್ರಿ ಪಾಳಿಯಲ್ಲಿ ಲಾಗ್ ತೆರೆದರೆ, ಖಾತೆಯಿಂದ ಹಣ ಹೋದದ್ದು 10:42:07.318ಕ್ಕೆ ಎನ್ನುತ್ತದೆ ಒಂದು ಸರ್ವರ್; ಅದೇ ಹಣ ಜಮೆಯಾದದ್ದು 10:42:07.311ಕ್ಕೆ ಎನ್ನುತ್ತದೆ ಇನ್ನೊಂದು. ಹೊರಡುವ ಮೊದಲೇ ತಲುಪಿದ ಹಣ! ಆಗ ನಾವು ಗಡಿಯಾರವನ್ನು ನಂಬುವುದಿಲ್ಲ. ಯಾವ ಸಂದೇಶದಿಂದ ಯಾವುದು ಹುಟ್ಟಿತು ಎಂದು ಹುಡುಕುತ್ತೇವೆ. ಈ ಪದ್ಧತಿಗೆ ಬುನಾದಿ ಹಾಕಿದ್ದು ಲೆಸ್ಲಿ ಲ್ಯಾಂಪೋರ್ಟ್ ಅವರ 1978ರ ಲೇಖನ. ಅದರ ಹೊಳಹು ಸಿಕ್ಕಿದ್ದು ಸಾಪೇಕ್ಷತೆಯಿಂದ ಎಂದು ಅವರೇ ಹೇಳಿದ್ದಾರೆ.

ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇರಲೇಬೇಕೆಂದಿಲ್ಲ ಎಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದ್ದರು. ಆದರೆ ಒಂದರಿಂದ ಹೊರಟ ಬೆಳಕು ಇನ್ನೊಂದನ್ನು ಮುಟ್ಟಬಲ್ಲದಾದರೆ ಅವುಗಳ ಹಿಂದುಮುಂದು ಎಲ್ಲರಿಗೂ ಒಂದೇ. 1987ರಲ್ಲಿ ರಾಫೆಲ್ ಸಾರ್ಕಿನ್ ಮತ್ತು ಮೂವರು ಸಂಗಡಿಗರು ಇದನ್ನೇ ಪಾಯ ಮಾಡಿಕೊಂಡರು. ದೇಶಕಾಲವನ್ನು ಕೊನೆಯಿಲ್ಲದೆ ಸೀಳಲು ಬರುವುದಿಲ್ಲ, ಅದು ಬಿಡಿ ಘಟನೆಗಳ ಗುಂಪು. ಯಾವುದು ಯಾವುದಕ್ಕೆ ಕಾರಣವಾಗಬಲ್ಲದು ಎಂಬ ಕ್ರಮವೂ ಘಟನೆಗಳ ಎಣಿಕೆಯೂ ಇದ್ದರೆ ದೂರ, ಅವಧಿ, ಬಾಗು ಎಲ್ಲವೂ ಅವುಗಳಿಂದಲೇ ಸಿಗುತ್ತವೆ ಎಂದರು.

ನನ್ನನ್ನು ಒಲಿಸಿದ್ದು ಸಾರ್ಕಿನ್ ಅವರ ಒಂದು ಅಂದಾಜು. ಎಣಿಕೆಯಲ್ಲಿ ಅದರ ವರ್ಗಮೂಲದಷ್ಟು ಏರಿಳಿತ ಸಹಜ. ಹಾಗಾಗಿ ಬರಿದಾದ ಆಕಾಶಕ್ಕೂ ಅತಿ ಸಣ್ಣ, ಆದರೆ ಸೊನ್ನೆಯಲ್ಲದ ಶಕ್ತಿ ಇರಬೇಕು ಎಂದು ಅವರು ತರ್ಕಿಸಿದರು. ಅದು ಸೊನ್ನೆಯೇ ಇರಬೇಕೆಂದು ಬಹುಪಾಲು ವಿಜ್ಞಾನಿಗಳು ನಂಬಿದ್ದ ಕಾಲ. 1998ರಲ್ಲಿ ಸೂಪರ್‌ನೋವಾಗಳನ್ನು ಅಳೆದವರಿಗೆ ಸಿಕ್ಕ ಮೌಲ್ಯ ಅದೇ ಆಸುಪಾಸಿನದು. ಇದು ಸಾಬೀತಲ್ಲ, ಆದರೂ ಪೈಪೋಟಿಯಲ್ಲಿರುವ ಬೇರೆ ಸಿದ್ಧಾಂತಗಳಿಂದ ಇಂಥ ಮುನ್ಸೂಚನೆ ಬಂದದ್ದು ತೀರಾ ಅಪರೂಪ.

ತೊಡಕೂ ದೊಡ್ಡದೇ ಇದೆ. ಕಣ್ಣುಮುಚ್ಚಿ ಒಂದು ದೊಡ್ಡ ಕ್ರಮವನ್ನು ಆರಿಸಿದರೆ ಅದರಲ್ಲಿ ಮೂರೇ ಪದರ ಇರುತ್ತವೆ, ನಮ್ಮ ವಿಶ್ವದ ಚಹರೆಯೇ ಇರುವುದಿಲ್ಲ. ಕ್ಲೈಟ್‌ಮನ್ ಮತ್ತು ರಾತ್‌ಶೀಲ್ಡ್ 1975ರಲ್ಲೇ ಇದನ್ನು ಸಾಧಿಸಿದ್ದರು. ವಿಶ್ವದಂಥದ್ದು ಯಾವಾಗ ಮೇಲುಗೈ ಪಡೆಯುತ್ತದೆ ಎಂದು ಸುಮತಿ ಸೂರ್ಯ ಕಂಪ್ಯೂಟರಿನಲ್ಲಿ ಹುಡುಕಿದರು. 2012ರಲ್ಲಿ, ಎರಡು ಆಯಾಮದ ಸರಳ ಮಾದರಿಯಲ್ಲಿ, ನಯವಾದ ದೇಶಕಾಲವನ್ನು ಹೋಲುವ ಹಂತವೊಂದು ಕಂಡಿತು. ಅಲ್ಲಿದ್ದ ಘಟನೆಗಳು ಕೆಲವೇ ಹತ್ತುಗಳಷ್ಟು. ನಾಲ್ಕು ಆಯಾಮಕ್ಕೆ ಹೋಗಬೇಕೆಂದರೆ ಲೆಕ್ಕ ಬೆಟ್ಟವಾಗಿ ಬೆಳೆಯುತ್ತದೆ.

ಕೇಂದ್ರ ಸರ್ಕಾರ 2023ರಲ್ಲಿ 6,000 ಕೋಟಿ ರೂಪಾಯಿಗೂ ಮಿಕ್ಕಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಗಮನ ಕಂಪ್ಯೂಟರ್, ಸಂವಹನ, ಸಂವೇದಕ, ಸಾಮಗ್ರಿಗಳ ಮೇಲೆ. ಅವೆಲ್ಲ ಬೇಕಾದವೇ, ದೇಶಕಾಲ ಏನೆಂಬ ಪ್ರಶ್ನೆಯೂ ಬೇಕು. ಅದರ ಲೆಕ್ಕಕ್ಕೆ ನಾವು ನೆರವಾಗಬಲ್ಲೆವು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಟೆಸ್ಟಿಂಗ್‌ಗೆಂದು ಇಟ್ಟ ಸರ್ವರ್‌ಗಳು ರಾತ್ರಿಯೆಲ್ಲ ಸುಮ್ಮನಿರುತ್ತವೆ. ದೊಡ್ಡ ಲೆಕ್ಕವನ್ನು ನೂರು ಯಂತ್ರಗಳಿಗೆ ಹಂಚುವುದು ಇಲ್ಲಿನ ಹುಡುಗ ಹುಡುಗಿಯರಿಗೆ ಕರಗತ. ಈ ಲೆಕ್ಕದಲ್ಲಿ ಗ್ರಾಹಕರ ಮಾಹಿತಿ ಯಾವುದೂ ಬೇಡ. ನಮ್ಮ ತಂಡದ ಯಂತ್ರಗಳ ರಾತ್ರಿ ವೇಳೆಯನ್ನು ರಾಮನ್ ಸಂಸ್ಥೆಗೆ ಕೊಡುವ ಪ್ರಸ್ತಾವವನ್ನು ಬರೆದು ಮ್ಯಾನೇಜರ್ ಕೈಗೆ ಕೊಟ್ಟಿದ್ದೇನೆ.