ಭಕ್ಷೀಸು ಮತ್ತು ಕಾಯಕ

ಸಂಗೊಳ್ಳಿಯ ಉತ್ಸವದಿಂದ ಮರಳುವಾಗ ನಾವು ಬೈಲಹೊಂಗಲದ ಖಾನಾವಳಿಯೊಂದರಲ್ಲಿ ಪ್ರಸಾದ ಸ್ವೀಕರಿಸಿದೆವು. ರೊಟ್ಟಿ ಬಡಿಸಿದ ತರುಣನಿಗೆ 20 ರೂಪಾಯಿ ಭಕ್ಷೀಸು ಕೊಟ್ಟ ಭಕ್ತರೊಬ್ಬರು, “ಗುರುಗಳೆ, ಇದು ಕಾಯಕಧರ್ಮಕ್ಕೆ ಸಲ್ಲುವುದೇ?” ಎಂದು ಕೇಳಿದರು.

ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಆದರೆ ನಿತ್ಯದ ಅಕ್ಕಿಯೇ ಆ ಮನೆಗೆ ಸಾಕಾಗಿತ್ತೆಂಬುದನ್ನು ಮರೆಯಲಾಗದು.

ಜಪಾನಿನಲ್ಲಿ ಭಕ್ಷೀಸಿನ ರೂಢಿಯಿಲ್ಲ. ಅಮೆರಿಕೆಯಲ್ಲಾದರೋ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಕೊಡುವುದು ವಾಡಿಕೆ. ಭಕ್ಷೀಸು ಸಾಕಷ್ಟು ಬರುವಲ್ಲಿ ಮಾಲೀಕನು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕೆಂದು ಅಲ್ಲಿಯ ಕೇಂದ್ರ ಕಾನೂನು 1991ರಿಂದ ಹೇಳುತ್ತಿದೆ. ಮಾಲೀಕನ ಹೊಣೆ ಉಂಡವರ ಮೇಲೆ ಬಿದ್ದಿದೆ.

ಉಂಡವರು ಪ್ರೀತಿಯಿಂದ ಕೊಡಲಿ, ದಾನವೆಂದು ಬೀಗದಿರಲಿ. ಖಾನಾವಳಿ ನಡೆಸುವ ಶರಣಬಂಧುಗಳು ಮೊದಲು ತುಂಬು ಕೂಲಿ ಕೊಡಲಿ. ಬಡಿಸುವ ಕೈ ಬೇಡುವ ಕೈಯಾಗಬಾರದು.